ಎಡಗಾಲಿಗೆ ಹೊಸ ಚಪ್ಪಲಿ

ನಿನ್ನೆ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ರಾಜಮಾ ಅಕ್ಕ ಫೋನಿಗೆ ಒಂದು ರೆಕಾರ್ಡಿಂಗ್ ಕಳಿಸಿದಳು. ಜೊತೆಗೆ ಒಂದು ಸಾಲು: 'ತಮ್ಮಾ, ಆಟೋದವರ ಕಡೆ ಅಬ್ಬಾನ ದನಿ ಸಿಕ್ತು. ಇದೊಂದಽ ಉಳದೈತಿ.' ಕಿವಿಗಿಟ್ಟುಕೊಂಡೆ. 'ಅಕ್ಕಾಗೋಳ್ರಿ, ಅಣ್ಣಾಗೋಳ್ರಿ, ಒಂದ ನಿಮಿಷ ನಿಂತ ಕೇಳ್ರಿ...' ಅದು ಅವಳ ಅಪ್ಪ ಮೋದಿನಸಾಬ್ ಕಾಕಾನ ದನಿಯಲ್ಲ. ನಾನು ಮಾಡಿದ ಅಣಕು.

ನನ್ನ ಗುಣ ನಿಮಗೆ ಹೇಳಿಬಿಡುತ್ತೇನೆ. ಕಂಡಕ್ಟರನ ದನಿ, ಸೋದರಮಾವನ ದನಿ, ಹಲ್ಲು ಕಟ್ಟಿಸಿಕೊಂಡ ಹೆಡ್ ಮಾಸ್ತರರ ದನಿ, ಎಲ್ಲ ನನಗೆ ಬರುತ್ತವೆ. ಹೆಣ್ಣು ನೋಡಲು ಹೋದಾಗ ಗಾಬರಿಯಲ್ಲಿ ಹುಡುಗಿಯ ಅಪ್ಪನಿಗೆ ಅವರದೇ ದನಿಯಲ್ಲಿ ಉತ್ತರ ಕೊಟ್ಟು, ಅವಲಕ್ಕಿ ಮುಗಿಯುವ ಮೊದಲೇ ಎದ್ದು ಬಂದವನು ನಾನು.

ಕಾಕಾ ಆಟೋಕ್ಕೆ ಮೈಕು ಕಟ್ಟಿಕೊಂಡು ಅಂಗಡಿಗಳ ಜಾಹೀರಾತು ಕೂಗುತ್ತಿದ್ದ. ರೆಕಾರ್ಡ್ ಹಾಕಿದವನಲ್ಲ, ಜನರ ಮುಖ ನೋಡಿಯೇ ಮಾತು ಹೊಂದಿಸುತ್ತಿದ್ದ. 'ಇಂಡಿ ಊರವರಿಗೆ ಕಾರಣ ಹೇಳಬೇಕು, ಮುದ್ದೇಬಿಹಾಳದವರಿಗೆ ಮರ್ಯಾದಿ ಕೊಡಬೇಕು, ಬಾಗೇವಾಡಿಯವರಿಗೆ ಎರಡೂ ಬೇಕು. ನಮ್ಮ ಸಿಂದಗಿಯವರಿಗೆ ಏನೂ ಬ್ಯಾಡ, ಕೂಡಿಸಿ ಚಹಾ ಕೊಟ್ರ ಸಾಕು' ಎನ್ನುತ್ತಿದ್ದ.

ಆಗ ನಾನು ಡಿಗ್ರಿ ಓದುತ್ತಿದ್ದೆ. ಮನವೊಲಿಸಲು ಮೂರು ದಾರಿ ಎಂದು ಹಳೆಯ ಗ್ರೀಕರು ಹೇಳಿದ್ದನ್ನು ಕ್ಲಾಸಿನಲ್ಲಿ ಕೇಳಿಕೊಂಡು ಬಂದು ಕಾಕಾನಿಗೇ ಪಾಠ ಮಾಡಿದೆ: ಹೇಳುವವನ ಮೇಲೆ ಭರವಸೆ ಹುಟ್ಟಬೇಕು, ಕೇಳುವವರ ಕರುಳು ಮಿಡಿಯಬೇಕು, ಮಾತಿನಲ್ಲಿ ತರ್ಕವಿರಬೇಕು.

'ಮೂರೂ ಛೊಲೊ ಅದಾವು' ಎಂದ. 'ಆದ್ರ ಮಾಲು ಹಾಕ್ಕೊಂಡ ನೋಡಿದ್ರೋ ಇಲ್ಲೋ ನಿಮ್ಮ ಗ್ರೀಕರು?'

ಅದು ಅವನ ಪದ್ಧತಿ. ತಾನು ಬಳಸದ ಮಾಲನ್ನು ಕೂಗುತ್ತಿರಲಿಲ್ಲ. ಕುಕ್ಕರಾದರೆ ಮನೆಯಲ್ಲಿ ತೊಗರಿಬೇಳೆ ಬೇಯಬೇಕು. ಚಪ್ಪಲಿಯಾದರೆ ಎಡಗಾಲಿಗೆ ಹೊಸದು, ಬಲಗಾಲಿಗೆ ಹಳೆಯದು ಹಾಕಿಕೊಂಡು ಎಂಟು ದಿನ ಊರೆಲ್ಲ ತಿರುಗುತ್ತಿದ್ದ. ನಾನು ಹಿಂದಿನಿಂದ ಅದೇ ನಡಿಗೆ ನಡೆದು ಜನರನ್ನು ನಗಿಸುತ್ತಿದ್ದೆ. ಅವನು ತಿರುಗಿ ನೋಡಿ, 'ಎಡಗಾಲು ಇನ್ನೊಂದೀಟು ಎತ್ತಬೇಕಲೇ' ಎಂದು ತಿದ್ದುತ್ತಿದ್ದ.

ಒಮ್ಮೆ ಸಿಂದಗಿಗೆ ಚಪ್ಪಲಿ ತಂದ ವ್ಯಾಪಾರಿಯೊಬ್ಬನಿಗೆ ಎಂಟು ದಿನ ಕಾಯುವ ಪುರುಸೊತ್ತಿರಲಿಲ್ಲ. ಕಾಕಾ ಒಲ್ಲೆನೆಂದ. ವ್ಯಾಪಾರಿ ನನ್ನ ಕಡೆ ಬಂದು, 'ಕಾಕಾನ ದನಿ ನೀ ಅವನಕಿಂತ ಛೊಲೊ ಮಾಡ್ತೀ ಅಂತಲ್ಲ?' ಎಂದ. ಮೂರು ದಾರಿ ಓದಿದವನು ಒಂದೇ ಹೊಗಳಿಕೆಗೆ ಬಿದ್ದೆ. 'ನಾ ಮೋದಿನಸಾಬ್ ಮಾತಾಡಾಕತ್ತೇನ್ರಿ. ಎಂಟ ದಿನ ನಾನಽ ಹಾಕ್ಕೊಂಡ ನೋಡೇನಿ' ಎಂದು ರೆಕಾರ್ಡ್ ಮಾಡಿಕೊಟ್ಟೆ.

ಮಾಲೆಲ್ಲ ಖಾಲಿಯಾಯಿತು. ವಾರದೊಳಗೆ ಚಪ್ಪಲಿಗಳ ಪಟ್ಟಿಗಳು ಕಿತ್ತುಬಂದವು. ವ್ಯಾಪಾರಿ ಊರು ಬಿಟ್ಟಿದ್ದ. ಜನ ಹರಿದ ಚಪ್ಪಲಿ ಹಿಡಿದುಕೊಂಡು ಕಾಕಾನ ಮನೆಗೆ ಬಂದರು. ಯಾರೂ ಬೈಯಲಿಲ್ಲ, 'ನೀವು ಹೇಳಿದ್ರಿ ಅಂತ ತೊಗೊಂಡಿವ್ರಿ' ಎಂದರು, ಅಷ್ಟೆ. ಗುಂಪಿನ ಹಿಂದೆ ನಿಂತಿದ್ದ ನನ್ನನ್ನು ಕಾಕಾ ಒಮ್ಮೆ ನೋಡಿದ. 'ನಂದಽ ತಪ್ಪಾತ್ರಿ' ಎಂದು ಅವರಿಗೆ ಕೈಮುಗಿದ. ಎಲ್ಲರೂ ಹೋದ ಮೇಲೆ ನನಗೆ ಹೇಳಿದ್ದಿಷ್ಟು: 'ದನಿ ತೊಗೊಂಡಿ. ಕಾಲೂ ತೊಗೊಂಡು ಎಂಟ ದಿನ ಅಡ್ಡಾಡಿದ್ರ ಛೊಲೊ ಆಗ್ತಿತ್ತು.'

ಆಮೇಲೆ ಅವನು ಮೈಕು ಹಿಡಿಯಲಿಲ್ಲ. ಬಸವನ ಬಾಗೇವಾಡಿಯಲ್ಲಿರುವ ಮಗಳು ರಾಜಮಾಳ ಮನೆ ಸೇರಿದ. ಇವತ್ತು ಹೋಗಿ ನೋಡೋಣ, ನಾಳೆ ಹೋಗೋಣ ಎಂದು ನಾನು ಅನ್ನುತ್ತಿರುವಾಗಲೇ ಅವನು ಹೋದ ವರ್ಷ ತೀರಿಕೊಂಡ. ಈಗಲೂ ದೇವರ ಹಿಪ್ಪರಗಿಯ ಸಂತೆಯಲ್ಲಿ ಮೈಕು ಕೂಗಿದರೆ ಓಡಿಹೋಗಿ ಆಟೋದೊಳಗೆ ಇಣುಕುತ್ತೇನೆ. ಪೆನ್ ಡ್ರೈವ್ ಕೂಗುತ್ತಿರುತ್ತದೆ, ಡ್ರೈವರ್ ತೂಕಡಿಸುತ್ತಿರುತ್ತಾನೆ.

ನಿನ್ನೆ ಸುಮ್ಮನಿದ್ದಿದ್ದರೆ ರಾಜಮಾ ಅಕ್ಕನಿಗೆ ಅಪ್ಪನ ದನಿ ಉಳಿಯುತ್ತಿತ್ತು. ಆದರೂ ಫೋನು ಮಾಡಿ ಎಲ್ಲ ಹೇಳಿದೆ.

'ಅಂದ್ರ ಹಾಕ್ಕೊಂಡೇನಿ ಅಂತ ಅಬ್ಬಾ ಸುಳ್ಳು ಹೇಳಿಲ್ಲ?'

'ಇಲ್ಲಕ್ಕಾ.'

'ಯಾಕ ಸುಳ್ಳು ಹೇಳಿದಿ ಅಬ್ಬಾ ಅಂತ ಅವ ಸಾಯೂತನಾ ಕೇಳೇನಿ ತಮ್ಮಾ. ಸಿಟ್ಟಿಗೆದ್ದೂ ಕೇಳೇನಿ. ಸುಮ್ನ ಕುಂದರ್ತಿದ್ದ.'

'ನನ್ನ ಸಲುವಾಗಿ, ಅಕ್ಕಾ' ಎಂದೆ.

'ಹಂಗಾರ ಅವನ ದನಿ ಎಲ್ಲೂ ಇಲ್ಲಂಗಾತು' ಎಂದಳು. ಮಾಡಿ ತೋರಿಸಲೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳಿಗೆ ಅದೂ ಗೊತ್ತಾಯಿತೇನೋ. 'ಮಾಡಬ್ಯಾಡ' ಎಂದಳು. 'ಅವ ಹೆಂಗಿದ್ದ, ಬರೇ ಹೇಳು.'

ನನ್ನ ಬಸ್ಸು ಹೊರಟುಹೋಯಿತು. ಹೇಳುತ್ತ ನಿಂತೆ. ನನ್ನ ದನಿ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.