ಬರ್ಫದ ಮ್ಯಾಲ ಅಕ್ಕೋರ ಕಾಲು

ಗದಗಿನಿಂದ ಲಕ್ಷ್ಮೇಶ್ವರಕ್ಕ, ಕಾಕಾನ ಶರಬತ್ತಿನ ಅಂಗಡಿಗೆ ಬರ್ಫದ ಗಡ್ಡಿ ಗೋಣಿಚೀಲದಾಗ ಸುತ್ತಿ ಬಸ್ಸಿನಾಗ ಒಯ್ಯಾಕತ್ತಿದ್ದೆ. ಬಾಜೂಕ ನನ್ನ ಹಳೇ ಇಂಗ್ಲಿಷ್ ಅಕ್ಕೋರು, ಮಾರಿ ಬಿಗದು ಕುಂತಿದ್ರು.

"ಅಕ್ಕೋರ, 'ಐಸಿ' ಅಂದ್ರ ಬರ್ಫದಂಗ ತಣ್ಣಗಿರೂದು, ಇಲ್ಲಾ ಮಾತಾಡಸದ ಮಾರಿ ಬಿಗಿಯೂದು ಅಂತ ಕಲಿಸಿದ್ರಲ್ರಿ? ಒಂದು ಅರ್ಥ ಕಾಲ ಬುಡಕ ಚೀಲದಾಗೈತಿ, ಇನ್ನೊಂದು ಬಾಜೂಕ ಕುಂತೈತಿ."

"ಸುಮ್ನ ಕುಂಡ್ರಲೇ!"

ಬಿಸಲಿಗೆ ಬಸ್ಸು ಕಾದ ಹಂಚಾಗಿತ್ತು. ಅಕ್ಕೋರು ಮೆಲ್ಲಕ ಚಪ್ಪಲಿ ಬಿಟ್ಟು ಚೀಲದ ಮ್ಯಾಲ ಕಾಲಿಟ್ರು.

"ಕರಗತೈತ್ರಿ! ಕಾಕಾ ನನ್ನ ಬಡೀತಾನ!"

"ಒಂದ ನಿಮಿಷಲೇ ತಮ್ಮಾ" ಅಂತ ನಕ್ರು. ಊರು ಬರೂತನಕ ಕಾಲು ತಗೀಲಿಲ್ಲ.

ಅರ್ಧಾ ಗಡ್ಡಿ ನೋಡಿ ಕಾಕಾನ ಮಾರಿ ಬಿಗೀತು. ಹಿಂದ ಬಂದಿದ್ದ ಅಕ್ಕೋರು, "ಬಸ್ಸು ಭಾಳ ತಡಾ ಆತ್ರಿ, ಹುಡುಗನ್ನ ಬೈಬ್ಯಾಡ್ರಿ" ಅಂದ್ರು. ಅಕ್ಕೋರ ಮಾತಿಗೆ ಕಾಕಾ ಸಿಟ್ಟು ಬಿಟ್ಟು, ಅವರಿಗೆ ಶರಬತ್ತು ಮಾಡಾಕ ನಿಂತ.

"ನನಗ ಬರ್ಫ ಬ್ಯಾಡ್ರಿ" ಅಂದ್ರು ಅಕ್ಕೋರು.