ಅಂಕೋಲಾದಿಂದ ಮಲ್ಲಾಪುರಕ್ಕೆ, ಇಳಿಯದೆ

ಚೆಂಡಿಯಾದ ನಮ್ಮ ಮನೆ, ನಾಲ್ಕು ತೆಂಗಿನ ಮರ, ದೋಣಿ ಎಳೆದಿಡುತ್ತಿದ್ದ ಮರಳು ಎಲ್ಲವೂ ನೌಕಾನೆಲೆಗೆ ಹೋದ ಮೇಲೆ, ಕಾರವಾರಕ್ಕೂ ಅಂಕೋಲಾಕ್ಕೂ ನಡುವೆ ಹೆದ್ದಾರಿಯ ಪಕ್ಕದ ಕಾಲೊನಿಯಲ್ಲಿ ನಮಗೆ ಜಾಗ ಸಿಕ್ಕಿತು. ನನ್ನ ಮನೆಯ ಬೆನ್ನಿಗೇ ಅಣ್ಣನ ಮನೆ. ಅಣ್ಣ ದೋಣಿಯನ್ನು ಬೇಲೇಕೇರಿಯಲ್ಲಿ ಕಟ್ಟತೊಡಗಿದ. ಅವನು ಹಿಡಿದದ್ದನ್ನು ಮಾರುವವಳು ಅವನ ಹೆಂಡತಿ. ನಾನು ಕರೆಯುವುದು ವೈನಿ ಎಂದು. ನನ್ನದು ಹೊಲಿಗೆ. ಮಿಷನ್ನಿನ ಎದುರಿನ ಕಿಟಕಿಯಲ್ಲಿ ಹೆದ್ದಾರಿ ಕಾಣುತ್ತಿತ್ತು. ಯಾವ ಬಸ್ಸು ಹೋಯಿತು ಎಂದು ನೋಡಿಯೇ ಅನ್ನಕ್ಕೆ ಎಸರಿಡುತ್ತಿದ್ದೆ.

ಊರು ಚದುರಿದಾಗ ವೈನಿಯ ಗಿರಾಕಿಗಳೂ ಚದುರಿದರು. ಹೊಸ ಗಿರಾಕಿಗಳನ್ನು ಅವಳು ಮಲ್ಲಾಪುರದಲ್ಲಿ ಹುಡುಕಿಕೊಂಡಳು. ಅಣುಸ್ಥಾವರದ ನೌಕರರ ಕ್ವಾರ್ಟರ್ಸು ಅಲ್ಲಿ. ಬಂಗಾಳದವರು, ಕೇರಳದವರು, ತಾಜಾ ಬಂಗಡೆ ಅಂದರೆ ಬಾಗಿಲಿಗೆ ಓಡಿ ಬರುವ ಜನ. ಆದರೆ ತಲುಪುವುದೇ ಕಷ್ಟ. ನಮ್ಮ ಕಡೆಯ ಬಸ್ಸುಗಳೆಲ್ಲ ಕಾರವಾರದಲ್ಲಿ ಮುಗಿಯುತ್ತಿದ್ದವು. ಅಲ್ಲಿ ಬುಟ್ಟಿ ಇಳಿಸಿ, ಇನ್ನೊಬ್ಬ ಕಂಡಕ್ಟರನನ್ನು ಬೇಡಿಕೊಂಡು ಮತ್ತೆ ಹತ್ತಿಸಬೇಕು. ಅಷ್ಟರಲ್ಲಿ ಮಲ್ಲಾಪುರದ ಬೆಳಗಿನ ಬಸ್ಸು ಹೋಗಿಯಾಗಿರುತ್ತಿತ್ತು. ಮುಂದಿನದಕ್ಕೆ ಕಾಯುತ್ತ ಕೂತರೆ ಬುಟ್ಟಿಯ ಐಸು ನೀರಾಗಿ ಸ್ಟ್ಯಾಂಡಿನ ನೆಲದ ಮೇಲೆ ಹರಿದು, ಪಕ್ಕದವರ ಬೈಗುಳ ಬೇರೆ.

ಒಂದು ಮಧ್ಯಾಹ್ನ ಅರ್ಧ ಬುಟ್ಟಿ ಹಾಗೇ ಹೊತ್ತು ತಂದವಳು ನನ್ನ ಜಗಲಿಯ ಮೇಲೆ ಕೂತಳು.

"ನಾ ಹೋಗಿ ಮುಟ್ಟೂದ್ರೊಳಗೆ ಅವ್ರ ಮನೇಲಿ ಬೇಳೆ ಬೆಂದಿರ್ತದೆ. ಮೀನು ಯಾರಿಗೆ ಬೇಕು? ಈ ಮಳೆಗಾಲದ ಒಳಗೆ ಏನಾದ್ರೂ ಸರಿ ಆಗ್ಲಿಲ್ಲ ಅಂದ್ರೆ ಬುಟ್ಟಿ ಇಟ್ಟುಬಿಡ್ತೆ. ಕಾರವಾರದ ಲಾಡ್ಜಲ್ಲಿ ಪಾತ್ರೆ ತೊಳೆಯುಕೆ ಕರೀತಾ ಇದ್ರು."

ಅವಳ ತಾಯಿ, ಅಜ್ಜಿ ಎಲ್ಲರೂ ಬುಟ್ಟಿ ಹೊತ್ತವರೇ. ನಾನು ಅವಳಿಗೆ ಮುರುಗಲಿನ ಪಾನಕ ಕೊಟ್ಟೆ.

ಅದೇ ದಿನಗಳಲ್ಲಿ ನಗರ ಯೋಜನಾ ಕಚೇರಿಯ ಅಧಿಕಾರಿಯೊಬ್ಬರು ಕಾಲೊನಿಯ ಶಾಲೆಗೆ ಬಂದು ಸಭೆ ಕರೆದರು. ಘಟ್ಟದ ಮೇಲಿನ ಬಯಲುಸೀಮೆಯವರು, ಸೆಕೆಗೆ ಕರವಸ್ತ್ರ ಹಿಂಡುತ್ತಲೇ ಮಾತಾಡಿದರು. ಕರಿಹಲಗೆಗೆ ನಕ್ಷೆ ಅಂಟಿಸಿದ್ದರು. ಅದರಲ್ಲಿ ಕಾರವಾರ ಒಂದು ಸುತ್ತು, ಅಂಕೋಲಾ ಒಂದು, ಮಲ್ಲಾಪುರ ಒಂದು.

"ಎಲ್ಲಾರೂ ಕಾರವಾರಕ್ಕ ಬಂದ್ರ ಅದು ಎಲ್ಲಿ ಬೆಳೀಬೇಕ್ರೀ? ಒಂದ್ ಕಡೆ ಗುಡ್ಡ, ಒಂದ್ ಕಡೆ ಸಮುದ್ರ. ಮೂರೂ ಊರು ತಮ್ಮ ತಮ್ಮ ಕಡೆ ಬೆಳೀಲಿ, ಆಸ್ಪತ್ರೆ, ಕಾಲೇಜು, ಪೇಟೆ ಹಂಚಿಕೊಳ್ಳಲಿ. ಆದ್ರ ಒಂದಕ್ಕೊಂದು ನೇರ ದಾರಿ ಇರಬೇಕು."

ಅವರು ಡಿಪೋದವರನ್ನು ಕೇಳಿದ್ದರಂತೆ. ಅಂಕೋಲಾದಿಂದ ಮಲ್ಲಾಪುರಕ್ಕೆ ಹೋಗುವವರೇ ಇಲ್ಲ ಎಂಬ ಉತ್ತರ ಬಂದಿತ್ತಂತೆ. ಕೊನೆಗೆ ಒಂದು ತಿಂಗಳ ಮಟ್ಟಿಗೆ ಬೆಳಗಿನ ಒಂದು ಬಸ್ಸನ್ನು ಕಾರವಾರದಲ್ಲಿ ಮುಗಿಸದೆ ಮಲ್ಲಾಪುರದವರೆಗೆ ಓಡಿಸಲು ಒಪ್ಪಿಸಿದ್ದರು. ಜನ ಹತ್ತಿದರೆ ಬಸ್ಸು ಉಳಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ.

ಸಭೆ ಮುಗಿದದ್ದೇ ತಡ, ವೈನಿ ಮನೆಮನೆಗೆ ಹೋದಳು. "ಬಸ್ ಖಾಲಿ ಹೋಗೂಕೆ ಬಿಡೂದು ಬೇಡ. ಎಲ್ಲರೂ ಹತ್ತಿ." ಅವಳ ಮಾತು ಮೀರುವ ಧೈರ್ಯ ಕಾಲೊನಿಯಲ್ಲಿ ಯಾರಿಗೂ ಇರಲಿಲ್ಲ. ನನ್ನ ಅತ್ತೆ ಮದುವೆಮನೆಗೆ ಉಡುವ ಸೀರೆ ಉಟ್ಟು ಮಲ್ಲಾಪುರ ನೋಡಿ ಬಂದರು. ಮೂಲೆಮನೆಯ ಅಜ್ಜ ದಿನಾ ಹೋಗಿ ಚಾ ಕುಡಿದು ಬರುತ್ತಿದ್ದರು.

"ನಿನ್ನೆನೂ ಬಂದಿದ್ರಲ್ಲ ಅಜ್ಜಾ, ಅಲ್ಲಿ ಯಾರ ಮನೆ?" ಎಂದು ಕಂಡಕ್ಟರ್ ಕೇಳಿದನಂತೆ.

"ಯಾರದೂ ಅಲ್ಲ. ಚಾ ಕುಡಿಯುಕೆ."

"ಇಲ್ಲಿ ಚಾ ಸಿಕ್ಕೂದಿಲ್ವಾ?"

"ಇಲ್ಲಿ ಕುಡದ್ರೆ ಸೊಸೆ ಸಕ್ಕರೆ ಹಾಕೂದಿಲ್ಲ."

ಬಸ್ಸು ತುಂಬಿಯೇ ಹೋಯಿತು. ವೈನಿಯ ಬುಟ್ಟಿಯೂ ಬೇಗ ಖಾಲಿಯಾಗಿ ಬರುತ್ತಿತ್ತು. ಅವಳು ಗೆದ್ದೆವು ಅಂದುಕೊಂಡಳು, ನಾನೂ ಹಾಗೇ ಅಂದುಕೊಂಡೆ.

ಎರಡನೇ ವಾರ ಅಮದಳ್ಳಿಯ ಅಕ್ಕೋರು ರವಿಕೆಯ ಅಳತೆ ಕೊಡಲು ಬಂದರು. ಅವರು ಮಲ್ಲಾಪುರದ ಕಡೆಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಹೊಸ ಬಸ್ಸಿನಿಂದ ಅನುಕೂಲವಾಯಿತಾ ಎಂದು ಕೇಳಿದೆ.

"ಎಲ್ಲಿಯ ಅನುಕೂಲ? ದಿನಾ ನಿಂತ್ಕೊಂಡು ಕೈ ಮಾಡ್ತೆ, ತುಂಬಿದೆ ಅಂತ ನಿಲ್ಸೂದೇ ಇಲ್ಲ. ನಮ್ಮ ಕಡೆಯಿಂದ ಆಸ್ಪತ್ರೆಗೆ ಹೋಗೂರು, ಕೆಲಸಕ್ಕೆ ಹೋಗೂರು, ಎಲ್ಲ ನಿಂತು ನಿಂತು ಈಗ ಹಳೇ ಬಸ್ಸಿಗೇ ಹೋತ್ರು."

ಟೇಪು ನನ್ನ ಕೈಯಲ್ಲೇ ಉಳಿಯಿತು. ಚಾ ಕುಡಿಯುವ ಅಜ್ಜನಿಗೆ ಸೀಟು ಕೊಟ್ಟು ಅಕ್ಕೋರನ್ನು ರಸ್ತೆಯಲ್ಲಿ ಬಿಟ್ಟಿದ್ದೆವು. ತಿಂಗಳ ಕೊನೆಗೆ ನಮ್ಮವರು ದಣಿದು ಮನೆಯಲ್ಲಿ ಕೂರುತ್ತಾರೆ. ನಿಜವಾಗಿ ಬೇಕಾದವರು ಅಷ್ಟರಲ್ಲಿ ಆಸೆ ಬಿಟ್ಟಿರುತ್ತಾರೆ. ಆಮೇಲೆ ಬಸ್ಸಿನಲ್ಲಿ ಯಾರಿರುತ್ತಾರೆ?

ಸಂಜೆ ವೈನಿಗೆ ಇದನ್ನೇ ಹೇಳಿ, ಕಾಲೊನಿಯವರು ಇನ್ನು ಸುಮ್ಮನೆ ಹತ್ತುವುದು ಬೇಡ ಎಂದೆ. ಅವಳು ಕೊಡ ಕುಕ್ಕಿದಳು.

"ನಮ್ಮೋರು ಇಳದ್ರೆ ಬಸ್ ಖಾಲಿ. ಬಸ್ ಖಾಲಿ ಆದ್ರೆ ನನ್ ಬುಟ್ಟಿ ಮೂಲೆಗೆ. ನೀನು ನೆರಳಲ್ಲಿ ಕೂತು ಗುಂಡಿ ಹಚ್ಚೂಳು, ನಿಂಗೆ ಹೇಳೂಕೆ ಸಸಾರ."

"ಹೌದು, ಸಸಾರ. ಒಂದು ದಿನ ನೋಡುವಾ. ನಾನೂ ಬತ್ತೆ."

ಅಣ್ಣ ಊಟದ ತಟ್ಟೆಯಿಂದ ತಲೆ ಎತ್ತದೆ, "ತಂಗಿ ಹೇಳೂದು ಸರಿ ಇದ್ದು" ಎಂದ. ಆ ಮನೆಯಲ್ಲಿ ಅವನು ಬಾಯಿ ಬಿಡುವುದೇ ಅಪರೂಪ. ಅದರಿಂದಲೇ ಇರಬೇಕು, ವೈನಿ ಒಪ್ಪಿದಳು. ಅಕ್ಕೋರಿಗೆ ಆಗಲೇ ಹೇಳಿ ಕಳಿಸಿದೆ: ನಾಳೆ ನಿಲ್ಲಿ, ಎಲ್ಲರಿಗೂ ಹೇಳಿ.

ಮರುದಿನ ಕಾಲೊನಿಯಿಂದ ಹತ್ತಿದ್ದು ನಾನೊಬ್ಬಳೇ. ವೈನಿ ಬೇಲೇಕೇರಿಯಿಂದ ಮೀನು ತಂದು ಮೊದಲೇ ಹತ್ತಿದ್ದಳು, ಬುಟ್ಟಿ ಮೇಲಿತ್ತು. ಒಳಗೆ ಬರೀ ಸೀಟುಗಳು. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, "ಏನ್ರೇ, ಇವತ್ತು ಮಲ್ಲಾಪುರದಲ್ಲಿ ಚಾ ಇಲ್ವಾ?" ಎಂದ. ವೈನಿ ನನ್ನ ಕಡೆ ತಿರುಗಲೂ ಇಲ್ಲ, ಕಿಟಕಿಯ ಸರಳು ಹಿಡಿದು ಕೂತಳು.

ಅಮದಳ್ಳಿಯಲ್ಲಿ ಬಸ್ಸು ನಿಂತಿತು. ಅಕ್ಕೋರು ಹತ್ತಿದರು, ಅವರ ಹಿಂದೆ ಕಾಲಿಗೆ ಪಟ್ಟಿ ಕಟ್ಟಿದ ಗಂಡಸು, ಅವನ ಹೆಂಡತಿ, ಕೈಚೀಲ ಹಿಡಿದ ಇಬ್ಬರು ಬಡಗಿಗಳು. ಬಿಣಗಾದಲ್ಲಿ ಇನ್ನೊಂದು ಗುಂಪು. ಕಾರವಾರದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದುಬಿಡುತ್ತಾರೆ ಎಂದು ಹೆದರಿ ನಾನು ಬಾಗಿಲನ್ನೇ ನೋಡುತ್ತಿದ್ದೆ. ಕೆಲವರು ಇಳಿದರು, ಇಳಿದವರಿಗಿಂತ ಹತ್ತಿದವರು ಹೆಚ್ಚು. ಹಿಂದಿನ ದಿನ ಅಂಕೋಲಾದ ಸಂತೆಗೆ ಹೋಗಿ, ಕಾರವಾರದ ತಂಗಿಯ ಮನೆಯಲ್ಲಿ ತಂಗಿದ್ದ ಮಲ್ಲಾಪುರದ ಹೆಂಗಸೊಬ್ಬಳು ಕುಂಬಳಕಾಯಿಯನ್ನು ನನ್ನ ಮಡಿಲಿಗೇ ಇಟ್ಟಳು. "ಇನ್ನು ಸಂತೆಗೆ ಹೋಗೂಕೆ ಬಸ್ಸು ಬದಲ್ಸೂದು ಬೇಡ ಅಲ್ದಾ?" ಎಂದಳು.

ಕಾಳಿನದಿಯ ದಂಡೆಗೆ ಬರುವಾಗ ಜನ ನಿಂತಿದ್ದರು. ಕಂಡಕ್ಟರ್ ತಿರುಗಾಡಲಾಗದೆ ಬಾಗಿಲಲ್ಲೇ ಟಿಕೆಟ್ ಹರಿಯುತ್ತಿದ್ದ. ವೈನಿ ಈಗ ನನ್ನ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇವ್ರೆಲ್ಲ ಇಷ್ಟು ದಿನ ಎಲ್ಲಿದ್ರು?" ಎಂದಳು.

"ರಸ್ತೆ ಮೇಲೆ. ನಮ್ಮ ಅಜ್ಜನ್ನ ನೋಡ್ತಾ."

ಅವಳು ನಕ್ಕದ್ದು ಡ್ರೈವರಿಗೂ ಕೇಳಿತು.

ತಿಂಗಳು ಮುಗಿಯಿತು, ಬಸ್ಸು ನಿಲ್ಲಲಿಲ್ಲ. ಮಳೆಗಾಲ ಕಳೆದ ಮೇಲೆ ಸಂಜೆಗೊಂದು ಸೇರಿತು. ಅಧಿಕಾರಿ ಮತ್ತೊಮ್ಮೆ ಶಾಲೆಗೆ ಬಂದು, ತಮ್ಮ ಯೋಜನೆಯಲ್ಲಿ ಈ ದಾರಿಯನ್ನು ಪಕ್ಕಾ ಸೇರಿಸಿದ್ದಾಗಿ ಹೇಳಿದರು. ಲಾಡ್ಜಿನವರು ಪಾತ್ರೆ ತೊಳೆಯಲು ಬೇರೆಯವರನ್ನು ನೋಡಿಕೊಂಡರು.

ಬಸ್ಸು ಉಳಿಯಿತೆಂದು ತಿಳಿದ ದಿನ ವೈನಿಯ ಮನೆಯಲ್ಲೇ ಎಲ್ಲರಿಗೂ ಊಟ. ಬಂಗಡೆಯ ಹುಳಿಗೆ ನಾನು ತೆಂಗಿನಕಾಯಿ ರುಬ್ಬಿಟ್ಟು ಕಾಯುತ್ತಿದ್ದೆ. ಹನ್ನೆರಡು ಹೊಡೆಯುವ ಮೊದಲೇ ಅವಳು ಬಂದಳು, ಬುಟ್ಟಿಯನ್ನು ಅಂಗಳದಲ್ಲಿ ಬೋರಲು ಹಾಕಿದಳು.

"ಮನೆಗೆ ಇಟ್ಟದ್ದನ್ನೂ ಕಿತ್ಕೊಂಡು ಹೋದ್ರು. ಒಂದು ಬಾಲವೂ ಉಳೀಲಿಲ್ಲ. ಬೇಳೆ ಇದ್ರೆ ಬೇಯ್ಸು."

ಮೀನು ಹಿಡಿಯುವವರ ಮನೆಯ ಸಂಭ್ರಮದ ಊಟ ಅಂದು ಬೇಳೆಸಾರಿನಲ್ಲಿ ನಡೆಯಿತು. ಅಣ್ಣ ಮೂರು ಸಲ ಬಡಿಸಿಕೊಂಡ.