ಜಗ್ಗಿದಷ್ಟೂ ಬಿಗಿಯಾಗುವ ಬಕಲ್

ದಾಂಡೇಲಿಯಲ್ಲಿ ಬ್ಯಾಗು, ಬೆಲ್ಟು, ಸೀಟ್ ಕವರು ಹೊಲಿಯುವವಳು ನಾನು. ಮೌಳಂಗಿ ಕಡೆಯ ದೋಣಿಯವರು ಹರಿದ ಲೈಫ್ ಜಾಕೆಟ್ಟುಗಳನ್ನು ಗಂಟು ಕಟ್ಟಿ ತಂದು ನನ್ನ ಅಂಗಡಿಯಲ್ಲೇ ಒಗೆದು ಹೋಗುತ್ತಾರೆ. ಪಟ್ಟಿ ಹರಿದದ್ದು, ಬಕಲ್ ಒಡೆದದ್ದು, ಯಾವುದೇ ಇರಲಿ, ಸರಿಯಾಗುವ ತನಕ ನನಗೆ ಊಟ ಸೇರುವುದಿಲ್ಲ. ಗಿರಾಕಿಗಳು ನನ್ನ ಬಾಯಿಗೆ ಹೆದರಿಯಾರು, ನನ್ನ ಹೊಲಿಗೆಗೆ ಹೆಸರಿಡುವುದಿಲ್ಲ. ಈ ಸೊಕ್ಕನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು.

ನನ್ನ ತವರು ಮುಂಡಗೋಡ ತಾಲೂಕಿನ ಇಂದೂರ. ಅಲ್ಲಿ ನನ್ನ ಅಣ್ಣ, ಅತ್ತಿಗೆ, ಎರಡು ಎತ್ತು. ಐವತ್ತು ದಾಟುವಷ್ಟರಲ್ಲಿ ಅಣ್ಣನ ಕೈಬೆರಳ ಗೆಣ್ಣುಗಳು ಬಾತು ಸೆಟೆದುಕೊಂಡವು. ಮುಂಜಾನೆ ಹೊತ್ತು ಬೆರಳು ಮಡಚಲು ಬರುತ್ತಿರಲಿಲ್ಲ. ಚಹಾದ ಕಪ್ಪನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದ. ಅದನ್ನೂ ಸಹಿಸಿಕೊಂಡ. ಸಹಿಸಲಾಗದ್ದು ಜತ್ತಿಗೆಯ ಕೆಲಸ. ನೊಗವನ್ನು ಎತ್ತಿನ ಹೆಗಲ ಮೇಲಿಟ್ಟ ಮೇಲೆ ಅದು ಜಾರದಂತೆ ಕೊರಳ ಕೆಳಗಿನಿಂದ ಬಳಸಿ ಕಟ್ಟುವ ಹಗ್ಗದ ಪಟ್ಟಿಗೆ ನಾವು ಜತ್ತಿಗೆ ಎನ್ನುತ್ತೇವೆ. ಆ ಗಂಟಿಗೆ ಬೆರಳು ಬೇಕು. ದಿನಾ ಮುಂಜಾನೆ ಅತ್ತಿಗೆ ಒಲೆ ಬಿಟ್ಟು ಎದ್ದು ಬಂದು ಕಟ್ಟಿಕೊಡುತ್ತಿದ್ದಳು. ಓಣಿಯ ಹುಡುಗಾಟದವರು ಸುಮ್ಮನಿರುತ್ತಾರೆಯೆ? "ಏನ್ ಕಾಕಾ, ಚಕ್ಕಡಿ ನೀ ಹೊಡಿತೀಯೋ, ಕಾಕು ಹೊಡಿತಾಳೋ?" ಎಂದು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಆಮೇಲೆ ಚಕ್ಕಡಿಯನ್ನು ಲಗುಬಗೆಯಿಂದ ಓಣಿ ದಾಟಿಸಿಬಿಡುತ್ತಿದ್ದ.

ಒಂದು ಯುಗಾದಿಗೆ ನಾನು ಹೋದಾಗ ಹೇಳಿಯೇಬಿಟ್ಟ. "ಎತ್ತು ಯಾರಿಗರ ಕೊಟ್ಟುಬಿಡ್ತೀನಿ ತಂಗಿ. ಕಟ್ಟಾಕ ಬರದಾಂವ ಯಾಕ ಇಟ್ಕೋಬೇಕು?"

ಹೇಳುವಾಗ ನನ್ನ ಕಡೆ ನೋಡಲಿಲ್ಲ. ಎತ್ತುಗಳನ್ನು ಮಕ್ಕಳಂತೆ ಸಾಕಿದವನು ಅವನು. ಬಲಕ್ಕೆ ಹೂಡುವ ಕೆಂಪೆತ್ತು ಅವನ ದನಿ ಕೇಳಿದರೆ ಮೇವು ಬಿಟ್ಟು ಕತ್ತೆತ್ತುತ್ತಿತ್ತು.

"ಏ ಅಣ್ಣಾ, ಹುಚ್ಚು ಹಿಡದೈತೇನು ನಿನಗ? ನಾ ಏನ್ ಸತ್ತೇನೇನು? ದಿನಾ ಬೆಳಗಾದರ ಬಕಲ್ ಜೋಡೀನ ನನ್ನ ಸಂಸಾರ. ಗಂಟೇ ಬ್ಯಾಡಾದಂಥಾ ಜತ್ತಗಿ ಮಾಡಿ ತರ್ತೀನಿ. ಒಂದ ಕೈಯಾಗ ಹಾಕು, ಒಂದ ಕೈಯಾಗ ಬಿಚ್ಚು."

ಮೊದಲು ಲೈಫ್ ಜಾಕೆಟ್ಟಿನ ಪ್ಲಾಸ್ಟಿಕ್ ಬಕಲ್ಲನ್ನೇ ದಪ್ಪ ನೈಲಾನ್ ಪಟ್ಟಿಗೆ ಹೊಲಿದು ಕಳಿಸಿದೆ. ಎರಡನೆಯ ದಿನ ಕೆಂಪೆತ್ತು ನೊಣಕ್ಕೆ ಕತ್ತು ಕೊಡವಿದ್ದಕ್ಕೆ ಬಕಲ್ಲಿನ ಹಲ್ಲು ಮುರಿದು ಸಿಡಿದು ಹೋಯಿತು. ಅಣ್ಣ ಫೋನಿನಲ್ಲಿ, "ಇರಲಿ ಬಿಡವಾ, ಇದು ಮನಶ್ಯಾರ ಸಾಮಾನು" ಎಂದ. ನನಗೆ ಮೈಯೆಲ್ಲ ಉರಿಯಿತು. ನನ್ನ ಕೆಲಸಕ್ಕೆ ಯಾರಾದರೂ ಇರಲಿ ಬಿಡು ಎನ್ನುವುದೆಂದರೆ!

ನಮ್ಮ ಮನೆಯವರು ಪೇಪರ್ ಮಿಲ್ಲಿನಲ್ಲಿ ಫಿಟ್ಟರ್. ಭಾನುವಾರ ಅವರನ್ನು ಕೂರಿಸಿಕೊಂಡು ಎರಡೂ ಎತ್ತಿಗೆ ಕಬ್ಬಿಣದ ಬಕಲ್ ಮಾಡಿಸಿದೆ. ಒಂದು ಕಡೆ ಕೊಕ್ಕೆಯಿರುವ ನಾಲಿಗೆ, ಇನ್ನೊಂದು ಕಡೆ ಅದು ಹೋಗಿ ಕೂರುವ ಮನೆ. ಮೇಲೆ ಅಗಲವಾದ ಗುಂಡಿ, ಬೆರಳೇ ಬೇಡ, ಅಂಗೈಯಿಂದ ಒತ್ತಿದರೆ ಸಾಕು. ಕೊಕ್ಕೆಯನ್ನು ಮಾತ್ರ ಒಳಕ್ಕೆ ಬಾಗಿಸಿದೆ. ಎತ್ತು ಜಗ್ಗಿದಷ್ಟೂ ಅದು ಕಚ್ಚಿ ಹಿಡಿಯಬೇಕು, ಇನ್ನೊಮ್ಮೆ ಸಿಡಿಯಬಾರದು.

ಅರ ಹಾಕಿ ಕೊಕ್ಕೆ ಉಜ್ಜುತ್ತಿದ್ದವರು ನಿಲ್ಲಿಸಿ ಕೇಳಿದರು. "ಜಗ್ಗಿ ಹಿಡದಾಗ ಬಿಚ್ಚೂ ಪ್ರಸಂಗ ಬಂದರ?"

"ಜಗ್ಗಿದಾಗ ಯಾರ ಬಿಚ್ಚತಾರ್ರೀ? ಎತ್ತು ನಿಂತ ಮ್ಯಾಲ ಬಿಚ್ಚತಾರ. ನೀವು ಅರ ಹಾಕ್ರಿ ಸುಮ್ಮನ. ಒಕ್ಕಲತನ ನನಗ ಗೊತ್ತೈತಿ."

ಅವರು ಅರ ಹಾಕಿದರು. ನಾನು ಮೇಜಿನ ಮೇಲಿಟ್ಟು ನೂರು ಸಲ ಹಾಕಿ ಬಿಚ್ಚಿ ನೋಡಿದೆ. ಟಕ್, ಟಕ್. ಮೇಜಿನ ಮೇಲೆ ಪಟ್ಟಿ ಸಡಿಲಿರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದು ಅಣ್ಣನ ಕೈಗೆ ಹೊಂದಿತು. ಮುಂಗಾರಿನ ಕೆಲಸವನ್ನೆಲ್ಲ ತಾನೇ ಹೂಡಿ ತಾನೇ ಬಿಚ್ಚಿ ಮಾಡಿದ. ಓಣಿಯವರು ಬಂದು ಮುಟ್ಟಿ ನೋಡಿ ಹೋದರಂತೆ. ನಾಗರ ಪಂಚಮಿಗೆ ವಾಡಿಕೆಯಂತೆ ನನ್ನನ್ನು ತವರಿಗೆ ಕರೆಯಲು ಬಂದವನು ಅಂಗಡಿಯಲ್ಲಿ ಕೂತು, ಯಾವ ಗಿರಾಕಿ ಬಂದರೂ, "ನಮ್ಮ ತಂಗಿ ಎತ್ತಿಗೂ ಬಕಲ್ ಮಾಡ್ಯಾಳ್ರಿ" ಎಂದು ಹೇಳಿದ. ನಾನು "ಸಾಕು ಬಿಡೋ ಮಾರಾಯಾ" ಎಂದು ಬೈದೆ. ಒಳಗೊಳಗೇ ಹಿಗ್ಗಿ ಹೀರೆಕಾಯಿಯಾಗಿದ್ದೆ.

ಪಂಚಮಿಯ ದಿನ ನೆಲ ಕೆದಕುವುದಿಲ್ಲ, ಎತ್ತು ಹೂಡುವುದಿಲ್ಲ. ಉಂಡಿ ತಿಂದು, ಜೋಕಾಲಿ ಆಡಿ ಕಳೆದೆವು. ಮೂರನೆಯ ದಿನ ಅಣ್ಣ ಹುಲ್ಲು ತರಲು ಚಕ್ಕಡಿ ಕಟ್ಟಿದ. ನಾನೂ ಬರುತ್ತೇನೆಂದು ಹಟ ಮಾಡಿ ಹತ್ತಿ ಕೂತೆ. ಹುಲ್ಲು ನೆಪ. ನನ್ನ ಬಕಲ್ ಎತ್ತಿನ ಕೊರಳಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬೇಕಿತ್ತು.

ಕೆರೆ ಏರಿಯ ಮೇಲೆ ಹೋಗುವಾಗ ಬಲಗಡೆಯ ಗಾಲಿಯ ಕೆಳಗಿನ ಮಣ್ಣು ಕುಸಿಯಿತು. ಒಂದು ವಾರದ ಮಳೆಗೆ ಮೆತ್ತಗಾಗಿದ್ದ ನೆಲ ಅದು. ಚಕ್ಕಡಿ ವಾಲಿ ನೀರಿಗೆ ಜಾರಿತು. ಅಣ್ಣ ಮತ್ತು ನಾನು ಏರಿಯ ಕಡೆಗೇ ಬಿದ್ದೆವು. ಎಡದ ಬಿಳಿಯೆತ್ತು ಮೊಳಕಾಲೂರಿ ದಡದಲ್ಲೇ ಉಳಿಯಿತು. ಕೆಂಪೆತ್ತು ಚಕ್ಕಡಿಯ ಜೊತೆ ನೀರಿಗೆ ಹೋಯಿತು. ನೊಗ ಅದರ ಕತ್ತನ್ನು ಕೆಳಕ್ಕೆ ಎಳೆಯುತ್ತಿತ್ತು. ಮೂಗಿನ ಹೊಳ್ಳೆ ಒಮ್ಮೆ ಮೇಲೆ, ಒಮ್ಮೆ ನೀರೊಳಗೆ.

ಇಬ್ಬರೂ ನೀರಿನ ಕಡೆ ಇಳಿದೆವು. ಅಣ್ಣ ಬಿಳಿಯೆತ್ತಿನ ಜತ್ತಿಗೆಗೆ ಕೈ ಹಾಕಿ ಒತ್ತಿದ. ಅದರ ಪಟ್ಟಿ ಸಡಿಲಿತ್ತು, ಟಕ್ ಎಂದು ಬಿಚ್ಚಿಕೊಂಡಿತು, ಎತ್ತು ಎದ್ದು ನಿಂತಿತು. ಕೆಂಪೆತ್ತಿನ ಕೊರಳಿನದು ನನ್ನ ಕೈಯಲ್ಲಿತ್ತು. ಅಂಗೈಯಿಂದ ಒತ್ತಿದೆ. ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಗುಂಡಿ ಕದಲಲಿಲ್ಲ. ಇಡೀ ಚಕ್ಕಡಿಯ ಭಾರ ಆ ಪಟ್ಟಿಯ ಮೇಲಿತ್ತು, ಕೊಕ್ಕೆ ಕಚ್ಚಿ ಹಿಡಿದಿತ್ತು. ಕಚ್ಚಿ ಹಿಡಿಯಲೆಂದೇ ನಾನು ಅದನ್ನು ಬಾಗಿಸಿದ್ದೆ.

"ಕುಡಗೋಲ ತಗೋ ಅಣ್ಣಾ, ಕೊಯ್ಯಿ!" ಎಂದು ಕಿರುಚಿದೆ. ಅವನು ಸೊಂಟಕ್ಕೆ ಸಿಕ್ಕಿಸಿದ್ದ ಕುಡಗೋಲಿನ ಹಿಡಿಕೆಯನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ಕೊಯ್ಯುತ್ತಲೇ ಇದ್ದ. ಎರಡು ಮಡಿಕೆ ಹಾಕಿ, ನಾಲ್ಕು ಸಾಲು ಹೊಲಿದ ನೈಲಾನ್ ಪಟ್ಟಿ. ಕುಡಗೋಲು ಅದರ ಮೇಲೆ ಜಾರುತ್ತಿತ್ತು. ಹೊಲದಲ್ಲಿದ್ದವರು ಓಡಿಬಂದು ಕೊಡಲಿಯಿಂದ ನೊಗವನ್ನೇ ಕಡಿಯುವಷ್ಟರಲ್ಲಿ ಎತ್ತಿನ ಕಣ್ಣುಗಳು ತೆರೆದೇ ಇದ್ದವು, ಉಸಿರು ಮಾತ್ರ ಇರಲಿಲ್ಲ. ನಾನು ಇನ್ನೂ ಗುಂಡಿ ಒತ್ತುತ್ತಿದ್ದೆ. ಯಾರೋ ನನ್ನ ರಟ್ಟೆ ಹಿಡಿದು ಎಳೆದರು.

ಹೊಲದ ಬದುವಿನಲ್ಲಿ ಕುಣಿ ತೋಡಿ ಮಣ್ಣು ಕೊಟ್ಟರು. ಅಣ್ಣ ಅದರ ಹಣೆಗೆ ವಿಭೂತಿ ಹಚ್ಚಿದ. ಅತ್ತಿಗೆ ಸೆರಗು ಬಾಯಿಗೊತ್ತಿಕೊಂಡು, "ಹಗ್ಗ ಇದ್ದಿದ್ರ ಒಂದ ಏಟಿಗೆ ಹರೀತಿತ್ತು" ಎಂದಳು. ಅಷ್ಟೇ. ಅಣ್ಣ ನನ್ನ ಕಡೆ ತಿರುಗಿದ. "ನೀ ಏನ್ ಬೇಕಂತ ಮಾಡೀಯೇನವಾ? ಉಣ್ಣು ನಡಿ" ಎಂದ. ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಒಂಟಿಯಾದ ಬಿಳಿಯೆತ್ತನ್ನು ಸನವಳ್ಳಿಯಲ್ಲಿ ಜೋಡಿ ತಪ್ಪಿದ ಎತ್ತಿದ್ದವರಿಗೆ ಕೊಟ್ಟುಬಿಟ್ಟ ಎಂದು ಆಮೇಲೆ ತಿಳಿಯಿತು.

ನಮ್ಮ ಮನೆಯವರು "ನಾ ಹೇಳಿದ್ದೆ" ಎಂಬ ಮಾತನ್ನು ಆಡಲಿಲ್ಲ. ಆಡಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಇನ್ನೊಂದು ಬಕಲ್ ಮಾಡಲು ಕೂತೆ. ಲಾರಿಯವರು ಸಾಮಾನು ಬಿಗಿಯುವ ಪಟ್ಟಿಯಲ್ಲಿರುವಂಥ ಹಿಡಿಕೆ ಇಟ್ಟೆ. ಅದನ್ನು ಎತ್ತಿದರೆ ಜಗ್ಗುವ ಭಾರವೇ ಅದನ್ನು ತೆರೆಯಬೇಕು, ಭಾರ ಹೆಚ್ಚಿದಷ್ಟೂ ಬೇಗ ತೆರೆಯಬೇಕು. ನೈಲಾನ್ ಪಟ್ಟಿ ಬಿಟ್ಟು ಮಂಚಕ್ಕೆ ಹೆಣೆಯುವಂಥ ಹತ್ತಿಯ ನವಾರ ಹಾಕಿದೆ, ಕುಡಗೋಲಿಗೆ ಹರಿಯಲಿ ಎಂದು. ಬಕೆಟ್ಟಿನಲ್ಲಿ ಮಣ್ಣು ನೀರು ಕಲಸಿ ರಾಡಿ ಮಾಡಿ ಅದ್ದಿದೆ. ತೊಲೆಗೆ ಮರಳಿನ ಚೀಲ ನೇತುಹಾಕಿ ಬಿಚ್ಚಿದೆ. ಕೆಟ್ಟವೆಷ್ಟೋ ಲೆಕ್ಕವಿಲ್ಲ. ಕೊನೆಗೊಂದು, ರಾಡಿಯಲ್ಲಿ, ಭಾರದಲ್ಲಿ, ಒಂದೇ ಕೈಗೆ ಬಿಚ್ಚಿಕೊಂಡಿತು. ಚೀಲ ಬಿದ್ದ ಸಪ್ಪಳಕ್ಕೆ ಮನೆಯವರು ಓಡಿಬಂದರು. ನಾನು ಮರಳಿನಲ್ಲಿ ಕೂತು ಅಳುತ್ತಿದ್ದೆ. ಇಷ್ಟೇ ಕೆಲಸ ಇತ್ತು. ಇಷ್ಟನ್ನೇ ನಾನು ಮೊದಲು ಮಾಡಿರಲಿಲ್ಲ.

ಮರುವರ್ಷದ ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಹಬ್ಬದ ಹಿಂದಿನ ದಿನದ ತನಕ ಬಾಗಿಲು ನೋಡಿದೆ. ಆಮೇಲೆ ನಾನೇ ಹೊರಟೆ. ಕರೆಯದೆ ಹೋಗುವ ತಂಗಿ ಎಂದು ಊರು ನಗಲಿ, ನಕ್ಕರೆ ನನಗೇನು? ಹೊಸ ಬಕಲ್ ಕೊಟ್ಟು ಮತ್ತೆ ಒಂದು ಜೋಡಿ ಹೂಡಿಸಿಯೇ ಬರಬೇಕೆಂದು ಹಟ ಹಿಡಿದಿದ್ದೆ. ಹಳಿಯಾಳದಲ್ಲಿ ಬಸ್ಸು ಬದಲಿಸುವಾಗಲೂ ಆ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಅಣ್ಣ ನನ್ನನ್ನು ನೋಡಿ ಖುಷಿಯಾದ. ಬಂದವಳೇ ಕೈಕಾಲು ತೊಳೆಯದೆ ಅವನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಮೇವು ಹಾಕುವ ಗೋದಲಿ ಒಣಗಿ ನಿಂತಿತ್ತು. ತೊಲೆಗೆ ಪಟ್ಟಿ ಕಟ್ಟಿ, ಭತ್ತದ ಚೀಲ ನೇತುಹಾಕಿ, ಬಿಚ್ಚಿ ತೋರಿಸಿದೆ. ಟಕ್. ಅವನು ಕಣ್ಣು ಮುಚ್ಚಿಕೊಂಡ. ಧೂಳು ಎದ್ದದ್ದಕ್ಕೆ ಅಂದುಕೊಂಡೆ. ಸರಿಯಾಗಿ ನೋಡಲಿಲ್ಲವೇನೋ ಎಂದು ಇನ್ನೊಮ್ಮೆ ತೋರಿಸಿದೆ. ಮೂರನೆಯ ಸಲ ಅವನ ಕೈಯಿಂದಲೇ ಮಾಡಿಸಿದೆ. ಸೆಟೆದ ಬೆರಳಿನ ಆ ಕೈಗೂ ಅದು ಬಿಚ್ಚಿಕೊಂಡಿತು.

"ಛಲೋ ಆಗೇತಿ ತಂಗಿ" ಎಂದ. ಬಕಲ್ಲನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಚೀಲದಲ್ಲಿ ಇಟ್ಟ.

ಕೇಳಬಾರದು ಎಂದುಕೊಂಡೇ ಹೋಗಿದ್ದೆ. ಬಾಯಿ ತಡೆಯಲಿಲ್ಲ. "ಯಾಕ ಕರಿಯಾಕ ಬರಲಿಲ್ಲ? ನನ್ನ ಮ್ಯಾಲ ಸಿಟ್ಟ ಐತೇನು?"

"ಸಿಟ್ಟಲ್ಲ ಯವ್ವಾ. ಹಳಿಯಾಳ ತನಕ ಎರಡ ಸಲ ಬಂದಿದ್ದೆ. ನಿನ್ನ ಅಂಗಡಿಗೆ ಬಂದರ ಬಕಲ್ ಕಾಣತಾವ. ಆ ಟಕ್ ಅನ್ನೂ ಸಪ್ಪಳಾ ಕೇಳಿದರ ಕೆಂಪೆತ್ತಿನ ಮಾರಿ ನೀರಾಗ ಕಂಡಂಗ ಆಗತೈತಿ. ತಡಕೊಳ್ಳಾಕ ಆಗೂದಿಲ್ಲ. ಅದಕ್ಕ ಅಲ್ಲಿಂದನ ಹೊಳ್ಳಿ ಬಂದೆ."

ಆ ಸಪ್ಪಳವನ್ನು ನಾನು ಅವನ ಮನೆಗೇ ಹೊತ್ತು ತಂದು, ಅದೇ ಕೊಟ್ಟಿಗೆಯಲ್ಲಿ, ಮೂರು ಸಲ ಕೇಳಿಸಿದ್ದೆ.